ಯಂತ್ರ ಕೊಂಡರೆ ಸಾಕೆ, ಕಾಯುವ ಕೈ ಬೇಡವೆ?

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿಂದ ಕಡಲು ನೋಡಬೇಕೆಂದರೆ ಘಟ್ಟ ಇಳಿದು ಮಂಗಳೂರಿಗೋ ಕಾರವಾರಕ್ಕೋ ಒಂದಿಡೀ ರಾತ್ರಿ ಪ್ರಯಾಣ ಮಾಡಬೇಕು. ಹೀಗಿದ್ದರೂ ಭಾರತೀಯ ನೌಕಾಪಡೆಯ ಕೆಲವು ಪ್ರಮುಖ ಯುದ್ಧನೌಕೆಗಳನ್ನು ಮುನ್ನಡೆಸುವ ಎಂಜಿನ್‌ಗಳು ಜೋಡಣೆಗೊಂಡು, ಪರೀಕ್ಷೆಗೆ ಒಳಗಾಗಿ ಹೊರಟದ್ದು ಈ ಊರಿನಿಂದಲೇ ಎಂಬ ಸಂಗತಿ ಬೆಂಗಳೂರಿಗರಲ್ಲಿ ಅನೇಕರಿಗೆ ತಿಳಿದಿಲ್ಲ. ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಕೈಗಾರಿಕಾ ಮತ್ತು ಸಾಗರ ಗ್ಯಾಸ್ ಟರ್ಬೈನ್ ವಿಭಾಗ ಇರುವುದು ಬೆಂಗಳೂರಿನಲ್ಲಿ. 2010ರ ಏಪ್ರಿಲ್‌ನಲ್ಲಿ ನೌಕಾಪಡೆ ಸೇರಿದ ಶಿವಾಲಿಕ್, 2022ರ ಸೆಪ್ಟೆಂಬರ್ 2ರಂದು ಕೊಚ್ಚಿಯಲ್ಲಿ ಸೇವೆಗೆ ಅರ್ಪಿತವಾದ ವಿಮಾನವಾಹಕ ನೌಕೆ ವಿಕ್ರಾಂತ್, 2025ರ ಜನವರಿಯಲ್ಲಿ ಬಂದ ನೀಲಗಿರಿ ಇವೆಲ್ಲದರ ಒಡಲಲ್ಲಿರುವುದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ವಿನ್ಯಾಸ ಮಾಡಿದ ಎಲ್‌ಎಂ2500 ಎಂಬ ಗ್ಯಾಸ್ ಟರ್ಬೈನ್. ಅದರ ಬಿಡಿಭಾಗಗಳು ಕಿಟ್ ರೂಪದಲ್ಲಿ ಬಂದರೂ ಅವು ಎಂಜಿನ್ ಆಗಿ ರೂಪುಗೊಂಡದ್ದು ಬೆಂಗಳೂರಿನ ತಂತ್ರಜ್ಞರ ಕೈಯಲ್ಲಿ.

ಈ ಎಂಜಿನ್‌ನ ಶಕ್ತಿ ಎಷ್ಟೆಂಬುದನ್ನು ನಮಗೆ ಪರಿಚಿತವಾದ ಅಳತೆಯಲ್ಲೇ ಹೇಳಬಹುದು. ಕಾವೇರಿಯ ನೀರಿನಿಂದ ನಡೆಯುವ ಶಿವನಸಮುದ್ರದ ಜಲವಿದ್ಯುತ್ ಕೇಂದ್ರದ ಸ್ಥಾಪಿತ ಸಾಮರ್ಥ್ಯ 42 ಮೆಗಾವಾಟ್. ವಿಕ್ರಾಂತ್ ನೌಕೆಯ ನಾಲ್ಕು ಟರ್ಬೈನ್‌ಗಳು ಒಟ್ಟಾಗಿ ನೀಡುವ ಶಕ್ತಿ 88 ಮೆಗಾವಾಟ್. ಎಂದರೆ, ಒಂದು ಹಡಗಿನ ಎಂಜಿನ್ ಕೋಣೆಯಲ್ಲಿ ಎರಡು ಶಿವನಸಮುದ್ರಗಳು ಅಡಗಿವೆ. 262 ಮೀಟರ್ ಉದ್ದದ ಆ ನೌಕೆ 28 ನಾಟ್, ಅಂದರೆ ಗಂಟೆಗೆ 50 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಸಾಗಬಲ್ಲದು. ಇನ್ನೊಂದು ಸ್ವಾರಸ್ಯವೂ ಇದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದಾಗ ಅದಕ್ಕೆ ವಿದ್ಯುತ್ ಯಂತ್ರಗಳನ್ನು ಒದಗಿಸಿದ್ದೂ ಇದೇ ಜನರಲ್ ಎಲೆಕ್ಟ್ರಿಕ್ ಕಂಪನಿ. ಒಂದು ಶತಮಾನಕ್ಕೂ ಮೀರಿದ ಈ ನಂಟಿನಲ್ಲಿ ಯಂತ್ರಗಳು ಹೊರಗಿನಿಂದ ಬಂದವು. ಅವನ್ನು ನಡೆಸುವ, ಕಾಪಾಡುವ ವಿದ್ಯೆಯನ್ನು ಮಾತ್ರ ಈ ನೆಲದ ಜನ ತಾವೇ ಕೈವಶ ಮಾಡಿಕೊಳ್ಳಬೇಕಾಯಿತು. ನನ್ನ ಈ ಲೇಖನದ ಕಾಳಜಿ ಆ ಎರಡನೆಯ ಮಾತಿಗೆ ಸಂಬಂಧಿಸಿದ್ದು.

ಹಡಗು ನೀರಿಗಿಳಿದ ದಿನ ನಾವು ಸಂಭ್ರಮಿಸುತ್ತೇವೆ. ಅದರ ತೂಕ, ವೆಚ್ಚ, ಅದರ ಮೇಲೆ ಇಳಿಯುವ ವಿಮಾನಗಳ ಸಂಖ್ಯೆ ಎಲ್ಲವೂ ಪತ್ರಿಕೆಗಳ ಮುಖಪುಟದಲ್ಲಿ ಬರುತ್ತವೆ. ಆನಂತರ ಮೂವತ್ತು ನಲವತ್ತು ವರ್ಷ ಆ ಹಡಗು ಓಡಾಡುವ ಸ್ಥಿತಿಯಲ್ಲಿರಬೇಕಲ್ಲ, ಅದನ್ನು ನೋಡಿಕೊಳ್ಳುವವರು ಯಾರು, ಅವರ ತರಬೇತಿ ಎಲ್ಲಿ, ಅವರು ನಿವೃತ್ತರಾದ ಮೇಲೆ ಆ ಜಾಗಕ್ಕೆ ಬರುವವರು ಯಾರು ಎಂಬ ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ನಮ್ಮಲ್ಲಿದೆ. ಕಟ್ಟಿದ ಮನೆಯನ್ನು ಸೋರದಂತೆ ಕಾಯ್ದು ನೋಡು ಎಂಬ ಗಾದೆ ಹುಟ್ಟಿಲ್ಲ.

ಟರ್ಬೈನ್ ತಂತ್ರಜ್ಞನ ಕೆಲಸ ಏನೆಂಬುದನ್ನು ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ. ಏಕೆಂದರೆ ‘ರಿಪೇರಿ’ ಎಂಬ ಪದ ನಮ್ಮ ಮನಸ್ಸಿನಲ್ಲಿ ಮೂಡಿಸುವ ಚಿತ್ರ ಬೇರೆ, ವಾಸ್ತವ ಬೇರೆ. ಗ್ಯಾಸ್ ಟರ್ಬೈನ್‌ನ ತತ್ತ್ವ ಸರಳವಾದದ್ದೇ. ಮುಂಭಾಗದಿಂದ ಗಾಳಿಯನ್ನು ಎಳೆದು, ಒತ್ತಿ, ಅದಕ್ಕೆ ಇಂಧನ ಸೇರಿಸಿ ಉರಿಸಿದರೆ ಉಬ್ಬಿದ ಬಿಸಿ ಅನಿಲ ಹಿಂಭಾಗದ ಚಕ್ರಗಳನ್ನು ತಿರುಗಿಸುತ್ತದೆ. ಎಲ್‌ಎಂ2500 ಮೂಲತಃ ವಿಮಾನದ ಎಂಜಿನ್‌ನಿಂದ ಹುಟ್ಟಿದ್ದು. ಅದರಲ್ಲಿ ಗಾಳಿಯನ್ನು ಒತ್ತಲು 16 ಹಂತಗಳ ಕಂಪ್ರೆಸರ್ ಇದೆ. ಬಿಸಿ ಅನಿಲದಿಂದ ಆ ಕಂಪ್ರೆಸರನ್ನು ತಿರುಗಿಸಲು 2 ಹಂತಗಳ ಟರ್ಬೈನ್, ಉಳಿದ ಶಕ್ತಿಯನ್ನು ಹಡಗಿನ ಪ್ರೊಪೆಲರ್‌ನತ್ತ ಕಳಿಸಲು 6 ಹಂತಗಳ ಮತ್ತೊಂದು ಟರ್ಬೈನ್. ಪ್ರತಿ ಹಂತದಲ್ಲೂ ಸಾಲು ಸಾಲಾಗಿ ಬ್ಲೇಡುಗಳು. ಚಿನ್ನ ಕರಗುವುದು 1,064 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಉರಿಕೋಣೆಯಿಂದ ಹೊರಬೀಳುವ ಅನಿಲದ ಶಾಖ ಅದಕ್ಕಿಂತಲೂ ಹೆಚ್ಚು. ಆ ಶಾಖದ ಎದುರಿಗೆ, ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತ ನಿಲ್ಲಬೇಕಾದವು ಈ ಬ್ಲೇಡುಗಳು. ಅದಕ್ಕಾಗಿಯೇ ಅವನ್ನು ನಿಕಲ್ ಮಿಶ್ರಲೋಹದಲ್ಲಿ ಎರಕ ಹೊಯ್ದು, ಒಳಗೆ ತಂಪುಗಾಳಿ ಹರಿಯಲು ಕೂದಲೆಳೆಯಂಥ ರಂಧ್ರಗಳನ್ನಿಟ್ಟು, ಮೇಲೆ ರಕ್ಷಣಾ ಲೇಪ ಕೊಟ್ಟಿರುತ್ತಾರೆ.

ವಿಮಾನಕ್ಕಿಲ್ಲದ ಒಂದು ಶತ್ರು ಹಡಗಿಗಿದೆ. ಅದು ಉಪ್ಪು. ಕಡಲ ಗಾಳಿಯನ್ನು ಎಷ್ಟು ಸೋಸಿದರೂ ಉಪ್ಪಿನ ಸೂಕ್ಷ್ಮ ಕಣಗಳು ಒಳಸೇರುತ್ತವೆ. ಕಂಪ್ರೆಸರಿನ ಬ್ಲೇಡುಗಳ ಮೇಲೆ ಅವು ಕೂತರೆ ಗಾಳಿಯ ಹರಿವು ಕೆಡುತ್ತದೆ, ಇಂಧನ ಹೆಚ್ಚು ಉರಿಯುತ್ತದೆ, ಶಕ್ತಿ ತಗ್ಗುತ್ತದೆ. ಉರಿಕೋಣೆ ದಾಟಿ ಹೋದ ಉಪ್ಪು ಇಂಧನದಲ್ಲಿರುವ ಗಂಧಕದೊಡನೆ ಸೇರಿ ಸೋಡಿಯಂ ಸಲ್ಫೇಟ್ ಆಗಿ, ಕಾದ ಬ್ಲೇಡಿನ ಲೇಪವನ್ನೂ ಬಳಿಕ ಲೋಹವನ್ನೂ ತಿನ್ನತೊಡಗುತ್ತದೆ. ನಮ್ಮ ಕರಾವಳಿಯ ಮನೆಗಳಲ್ಲಿ ಕಿಟಕಿಯ ಸರಳು ಹೇಗೆ ಬೇಗ ತುಕ್ಕು ಹಿಡಿಯುತ್ತದೆಂಬುದನ್ನು ನೋಡಿದವರು ಇದನ್ನು ಊಹಿಸಿಕೊಳ್ಳಬಹುದು. ಆದ್ದರಿಂದಲೇ ಎಂಜಿನನ್ನು ಉರಿಸದೆ ನಿಧಾನವಾಗಿ ತಿರುಗಿಸುತ್ತ, ಶುದ್ಧ ನೀರು ಮತ್ತು ಮಾರ್ಜಕವನ್ನು ಒಳಗೆ ಸಿಂಪಡಿಸಿ ತೊಳೆಯುವುದು ನೌಕಾ ತಂತ್ರಜ್ಞನ ನಿಯಮಿತ ಕೆಲಸ. ಯಾವ ಸಮಾರಂಭದಲ್ಲೂ ಪ್ರಸ್ತಾಪವಾಗದ ಈ ತೊಳೆಯುವಿಕೆಯ ಮೇಲೆ ಕೋಟಿಗಟ್ಟಲೆ ಬೆಲೆಯ ಯಂತ್ರದ ಆಯುಸ್ಸು ನಿಂತಿದೆ.

ಎಂಜಿನನ್ನು ಬಿಚ್ಚದೆ ಅದರ ಒಳಗನ್ನು ನೋಡುವ ವಿಧಾನಕ್ಕೆ ಬೋರ್‌ಸ್ಕೋಪ್ ಪರೀಕ್ಷೆ ಎಂದು ಹೆಸರು. ವೈದ್ಯರು ಹೊಟ್ಟೆಯೊಳಗೆ ಎಂಡೋಸ್ಕೋಪ್ ಇಳಿಸುವಂತೆ, ಎಂಜಿನ್‌ನ ಕವಚದಲ್ಲಿರುವ ಸಣ್ಣ ಕಿಂಡಿಯ ಮೂಲಕ ತೆಳುವಾದ ಕ್ಯಾಮೆರಾ ನಳಿಕೆಯನ್ನು ಒಳಗೆ ಬಿಟ್ಟು, ಚಕ್ರವನ್ನು ಕೈಯಿಂದ ಅಂಗುಲ ಅಂಗುಲವಾಗಿ ತಿರುಗಿಸುತ್ತ, ಒಂದೊಂದೇ ಬ್ಲೇಡನ್ನು ನೋಡಬೇಕು. ಅಂಚಿನಲ್ಲಿ ಕಚ್ಚು ಬಿದ್ದಿದೆಯೆ, ಬಿರುಕಿನ ಗೆರೆ ಮೂಡಿದೆಯೆ, ಲೇಪ ಎದ್ದಿದೆಯೆ, ಉರಿಕೋಣೆಯ ಗೋಡೆ ಸುಟ್ಟು ಬಣ್ಣಗೆಟ್ಟಿದೆಯೆ? ಎಷ್ಟು ಉದ್ದದ ಬಿರುಕನ್ನು ಸಹಿಸಬಹುದು, ಎಷ್ಟು ಆಳದ ಕಚ್ಚನ್ನು ಉಜ್ಜಿ ನಯಗೊಳಿಸಿದರೆ ಸಾಕು, ಯಾವುದಾದರೆ ಎಂಜಿನನ್ನೇ ಹೊರತೆಗೆಯಬೇಕು ಎಂಬುದೆಲ್ಲ ಕೈಪಿಡಿಯಲ್ಲಿ ಬರೆದಿರುತ್ತದೆ. ಆದರೆ ಪರದೆಯ ಮೇಲೆ ಕಾಣುತ್ತಿರುವ ಕಪ್ಪು ಗೆರೆ ಬಿರುಕೋ ಮಸಿಯೋ ಎಂಬುದನ್ನು ಕೈಪಿಡಿ ಹೇಳುವುದಿಲ್ಲ. ಅದನ್ನು ಹೇಳುವುದು ಪಳಗಿದ ಕಣ್ಣು.

ನಮ್ಮ ಪದ್ಮನಾಭನಗರದ ಉದ್ಯಾನಕ್ಕೆ ಬೆಳಗಿನ ನಡಿಗೆಗೆ ಬರುವ ಹಿರಿಯರಲ್ಲಿ ಸಾರ್ವಜನಿಕ ಉದ್ದಿಮೆಗಳಿಂದ ನಿವೃತ್ತರಾದವರು ಹಲವರಿದ್ದಾರೆ. ಅವರಲ್ಲೊಬ್ಬರು ತಮ್ಮ ವೃತ್ತಿಜೀವನದ ಬಹುಭಾಗವನ್ನು ಎಂಜಿನ್ ಪರೀಕ್ಷೆಯಲ್ಲೇ ಕಳೆದವರು. ಕೆಲಸದಲ್ಲಿ ಕಷ್ಟವಾದದ್ದು ಯಾವುದೆಂದು ಕೇಳಿದಾಗ ಅವರು ಹೇಳಿದ್ದು ನನಗೆ ಅನಿರೀಕ್ಷಿತವಾಗಿತ್ತು. ‘ಸಾರ್, ಇಪ್ಪತ್ತು ಮೂವತ್ತು ಬ್ಲೇಡು ಚೆನ್ನಾಗೇ ಕಂಡ ಮೇಲೆ ಕಣ್ಣು ಮುಂದಿನದನ್ನೂ ನೋಡದೇನೇ ಚೆನ್ನಾಗಿದೆ ಅಂತ ಒಪ್ಪಿಕೊಳ್ಳೋಕೆ ಶುರುಮಾಡುತ್ತೆ. ಅದು ಗೊತ್ತಾದ ತಕ್ಷಣ ಎದ್ದು ಹೋಗಿ ಕಾಫಿ ಕುಡಿದು ಬರಬೇಕು. ಅದನ್ನು ಕಲಿಯೋದಕ್ಕೇ ನಮಗೆ ವರ್ಷಗಳು ಬೇಕಾದವು’ ಎಂದರು. ಯಾವ ಪಠ್ಯಕ್ರಮದಲ್ಲೂ ಸಿಗದ ಪಾಠ ಇದು. ಒಬ್ಬರ ಪಕ್ಕದಲ್ಲಿ ಇನ್ನೊಬ್ಬರು ನಿಂತು ವರ್ಷಗಟ್ಟಲೆ ಕೆಲಸ ಮಾಡಿದಾಗ ಮಾತ್ರ ದಾಟಿ ಬರುವಂಥದ್ದು.

ಇದರ ಜೊತೆಗೆ ಇನ್ನೂ ಹಲವು ಕೆಲಸಗಳಿವೆ. ಎಣ್ಣೆಯ ದಾರಿಯಲ್ಲಿರುವ ಅಯಸ್ಕಾಂತಕ್ಕೆ ಅಂಟಿದ ಲೋಹದ ಚೂರು ಯಾವ ಬೇರಿಂಗಿನದೆಂದು ಪತ್ತೆ ಮಾಡಬೇಕು. ಕಂಪನದ ಅಂಕಿಗಳು ತಿಂಗಳಿಂದ ತಿಂಗಳಿಗೆ ಎತ್ತ ಸಾಗುತ್ತಿವೆಯೆಂದು ಗಮನಿಸಬೇಕು. ಕೆಲಸ ಮುಗಿದ ಮೇಲೆ ಒಳಗೆ ಒಯ್ದ ಪ್ರತಿಯೊಂದು ಸ್ಪ್ಯಾನರನ್ನೂ ಎಣಿಸಿ ಹೊರತರಬೇಕು. ಮರೆತ ಒಂದು ನಟ್ಟು ಇಡೀ ಎಂಜಿನನ್ನು ಪುಡಿಮಾಡಬಲ್ಲದು. ಕೊನೆಗೆ ದಾಖಲೆ ಪುಸ್ತಕದಲ್ಲಿ ಸಹಿ ಹಾಕಬೇಕು. ಸರ್ಕಾರಿ ಕಚೇರಿಯಲ್ಲಿ ಸಹಿಗೆ ಮೇಲೊಂದು ಸಹಿ, ಅದರ ಮೇಲೊಂದು ಸಹಿ ಬೀಳುತ್ತ ಹೊಣೆ ಹಂಚಿಹೋಗುವುದನ್ನು ಕಂಡ ನನ್ನಂಥವನಿಗೆ ಈ ಸಹಿಯ ತೂಕ ಬೇರೆಯದೇ ಎನ್ನಿಸುತ್ತದೆ. ಈ ಸಹಿಯನ್ನು ನಂಬಿ ನೂರಾರು ಜನ ಕಡಲಿಗೆ ಹೋಗುತ್ತಾರೆ.

ಈ ಕಸುಬಿನ ಬೆಲೆ ಏನೆಂಬುದನ್ನು ಇತಿಹಾಸ ಮತ್ತೆ ಮತ್ತೆ ಹೇಳಿದೆ. 1971ರ ಯುದ್ಧದ ವೇಳೆಗೆ ಹಳೆಯ ವಿಕ್ರಾಂತ್ ನೌಕೆಯ ನಾಲ್ಕು ಬಾಯ್ಲರುಗಳಲ್ಲಿ ಒಂದು ಬಿರುಕು ಬಿಟ್ಟಿತ್ತು. ಅದು ಹಬೆಯ ಟರ್ಬೈನಿನ ಹಡಗು. ಪೂರ್ಣ ವೇಗದಲ್ಲಿ ಓಡುವ ಸ್ಥಿತಿಯಲ್ಲಿರಲಿಲ್ಲ. ಆದರೂ ಅದನ್ನು ಬಂದರಿನಲ್ಲಿ ಕಟ್ಟಿಹಾಕದೆ ಬಂಗಾಳ ಕೊಲ್ಲಿಗೆ ಒಯ್ದು, ಅದರ ಮೇಲಿನಿಂದ ವಿಮಾನಗಳನ್ನು ಹಾರಿಸಲು ಸಾಧ್ಯವಾದದ್ದು ಎಂಜಿನ್ ಕೋಣೆಯವರು ಉಳಿದ ಬಾಯ್ಲರುಗಳನ್ನು ಕಾಪಾಡಿಕೊಂಡು ಬಂದದ್ದರಿಂದ. ಆ ಯುದ್ಧದ ಕಥೆಯಲ್ಲಿ ಪೈಲಟುಗಳ ಹೆಸರು ಉಳಿಯಿತು, ಅದು ಉಳಿಯಬೇಕಾದದ್ದೇ. ಬಾಯ್ಲರ್ ಕೋಣೆಯವರ ಹೆಸರು ಉಳಿಯಲಿಲ್ಲ. ನಮ್ಮ ಕಾರವಾರದ್ದೇ ಉದಾಹರಣೆ ಬೇಕೆಂದರೆ, 2019ರ ಏಪ್ರಿಲ್ 26ರಂದು ವಿಕ್ರಮಾದಿತ್ಯ ನೌಕೆ ಕಾರವಾರ ಬಂದರನ್ನು ಪ್ರವೇಶಿಸುವ ಹೊತ್ತಿಗೆ ಅದರಲ್ಲಿ ಬೆಂಕಿ ಕಾಣಿಸಿಕೊಂಡಿತು. ಬೆಂಕಿ ನಂದಿಸುವ ತಂಡವನ್ನು ಮುನ್ನಡೆಸಿದ ಲೆಫ್ಟಿನೆಂಟ್ ಕಮಾಂಡರ್ ಡಿ.ಎಸ್. ಚೌಹಾಣ್ ಪ್ರಾಣ ತೆತ್ತರು. ಹಡಗಿನ ಒಡಲಿನ ಕೆಲಸ ಶಾಂತಿಕಾಲದಲ್ಲೂ ಎಷ್ಟು ಅಪಾಯದ್ದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಪರಾವಲಂಬನೆಯ ಪಾಠವೂ ಇದೆ. ನಮ್ಮ ನೌಕಾಪಡೆಗೆ ಗ್ಯಾಸ್ ಟರ್ಬೈನ್ ಪರಿಚಯವಾದದ್ದು 1960ರ ದಶಕದ ಕೊನೆಯಲ್ಲಿ, ಸೋವಿಯತ್ ಒಕ್ಕೂಟದಿಂದ ಬಂದ ಹಡಗುಗಳ ಮೂಲಕ. 1980ರಲ್ಲಿ ರಾಜಪೂತ್ ಬಂದಿತು, ಆನಂತರ ದೆಹಲಿ, ಕೋಲ್ಕತ್ತ, ವಿಶಾಖಪಟ್ಟಣಂ ವರ್ಗದ ವಿಧ್ವಂಸಕ ನೌಕೆಗಳು ಬಂದವು. ಇವುಗಳ ಟರ್ಬೈನ್‌ಗಳ ಮೂಲ ಉಕ್ರೇನಿನ ಮಿಕೊಲಾಯಿವ್ ನಗರದ ಕಾರ್ಖಾನೆ. 2014ರಲ್ಲಿ ಕ್ರೈಮಿಯಾ ವಿವಾದದ ನಂತರ ಉಕ್ರೇನ್ ರಷ್ಯಾಕ್ಕೆ ಈ ಎಂಜಿನ್ ಕೊಡುವುದನ್ನು ನಿಲ್ಲಿಸಿತು. ರಷ್ಯಾದಲ್ಲಿ ನಮಗಾಗಿ ಕಟ್ಟುತ್ತಿದ್ದ ನೌಕೆಗಳಿಗೆ ಭಾರತವೇ ಉಕ್ರೇನಿನಿಂದ ಎಂಜಿನ್ ಕೊಂಡು ರಷ್ಯಾಕ್ಕೆ ತಲುಪಿಸಬೇಕಾಯಿತು. ಅವುಗಳಲ್ಲಿ ಮೊದಲನೆಯದಾದ ತುಶಿಲ್ ಸೇವೆಗೆ ಸೇರಿದ್ದು 2024ರ ಡಿಸೆಂಬರಿನಲ್ಲಿ. ಅಷ್ಟರೊಳಗೆ, 2022ರಲ್ಲಿ, ಮಿಕೊಲಾಯಿವ್ ನಗರವೇ ಯುದ್ಧದ ಮುಂಚೂಣಿಯಾಗಿತ್ತು. ಇಂಥ ಸ್ಥಿತಿಯಲ್ಲಿ ನಮ್ಮನ್ನು ಕಾಪಾಡುವುದು ವಿಶಾಖಪಟ್ಟಣದ ಐಎನ್‌ಎಸ್ ಎಕ್ಸಿಲಾದಂಥ ಟರ್ಬೈನ್ ದುರಸ್ತಿ ಕೇಂದ್ರಗಳು, ಅಲ್ಲಿ ದಶಕಗಳಿಂದ ಬೆಳೆದುಬಂದ ಅನುಭವ. ಹೊಸ ಎಂಜಿನ್ ಸಿಗುವುದು ತಡವಾದಷ್ಟೂ ಹಳೆಯದನ್ನು ಬಾಳಿಸುವ ಕೈಯ ಬೆಲೆ ಏರುತ್ತದೆ.

ನಾವೇ ಎಂಜಿನ್ ತಯಾರಿಸಿದರೆ ಈ ತೊಂದರೆ ಇರುವುದಿಲ್ಲ ಎಂದು ಓದುಗರು ಹೇಳಬಹುದು. ಆ ಪ್ರಯತ್ನವೂ ಬೆಂಗಳೂರಿನಲ್ಲೇ ನಡೆದಿದೆ. ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆಯು ತನ್ನ ಕಾವೇರಿ ವಿಮಾನ ಎಂಜಿನನ್ನು ಆಧರಿಸಿ 12 ಮೆಗಾವಾಟ್ ಶಕ್ತಿಯ ಸಾಗರ ಟರ್ಬೈನನ್ನು ರೂಪಿಸಿ ವಿಶಾಖಪಟ್ಟಣದಲ್ಲಿ ಪರೀಕ್ಷಿಸಿತು. 1989ರಲ್ಲಿ ಮಂಜೂರಾದ ಕಾವೇರಿ ಯೋಜನೆಯನ್ನು 2008ರಲ್ಲಿ ತೇಜಸ್ ವಿಮಾನದಿಂದ ಬೇರ್ಪಡಿಸಬೇಕಾಗಿ ಬಂದ ಕಥೆ ಎಲ್ಲರಿಗೂ ಗೊತ್ತಿರುವುದೇ. ಆ ಸೋಲಿನ ಚರ್ಚೆಯಲ್ಲಿ ನಾವು ವಿಜ್ಞಾನಿಗಳ ಬಗ್ಗೆ, ಹಣದ ಬಗ್ಗೆ ಮಾತನಾಡಿದೆವು. ಬ್ಲೇಡು ಎರಕ ಹೊಯ್ಯುವ, ಬೆಸುಗೆ ಹಾಕುವ, ಪರೀಕ್ಷಾ ಮಂಚದ ಮೇಲೆ ಎಂಜಿನನ್ನು ಬಿಚ್ಚಿ ಕಟ್ಟುವ ಕೈಗಳು ನಮ್ಮಲ್ಲಿ ಎಷ್ಟಿವೆ ಎಂಬ ಬಗ್ಗೆ ಕಡಿಮೆ ಮಾತನಾಡಿದೆವು. ಸ್ವಂತ ವಿನ್ಯಾಸಕ್ಕೂ ಈ ಕೈಗಳೇ ಬುನಾದಿ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗ ಓದಿದ ಆಲ್ಬರ್ಟ್ ಹರ್ಷ್‌ಮನ್ ಅವರ ಒಂದು ವಿಚಾರ ನನಗೆ ಈಗಲೂ ಉಪಯುಕ್ತವೆನಿಸುತ್ತದೆ. 1958ರಲ್ಲಿ ಪ್ರಕಟವಾದ ‘ದಿ ಸ್ಟ್ರಾಟೆಜಿ ಆಫ್ ಎಕನಾಮಿಕ್ ಡೆವಲಪ್‌ಮೆಂಟ್’ ಕೃತಿಯಲ್ಲಿ ಅವರು ಒಂದು ಸರಳ ಪ್ರಶ್ನೆ ಎತ್ತಿದರು: ಹಿಂದುಳಿದ ದೇಶಗಳಲ್ಲಿ ರಸ್ತೆಗಳು ಹಾಳಾಗಿರುವಾಗ ವಿಮಾನ ಸೇವೆ ಮಾತ್ರ ಹೇಗೆ ಸಮರ್ಪಕವಾಗಿ ನಡೆಯುತ್ತದೆ? ಅವರ ಉತ್ತರದ ಸಾರ ಹೀಗಿದೆ. ನಿರ್ವಹಣೆಯಲ್ಲಿ ಲೋಪವಾದರೆ ವಿಮಾನ ಬಿದ್ದುಹೋಗುತ್ತದೆ, ಆದ್ದರಿಂದ ಯಾರೂ ಉದಾಸೀನ ಮಾಡುವಂತಿಲ್ಲ. ರಸ್ತೆ ಹಾಗಲ್ಲ, ಅದು ನಿಧಾನವಾಗಿ ಕೆಡುತ್ತದೆ, ಪ್ರತಿದಿನವೂ ಇನ್ನೊಂದು ದಿನ ಸಹಿಸಬಹುದೆನ್ನಿಸುತ್ತದೆ. ತಪ್ಪನ್ನು ಸಹಿಸದ ಕಸುಬು ತನ್ನ ಜನರಿಗೆ ಶಿಸ್ತು ಕಲಿಸುತ್ತದೆ. ಬೆಂಗಳೂರಿನಲ್ಲಿ ವಾಸಿಸುವವರಿಗೆ ಈ ಸಿದ್ಧಾಂತದ ರುಜುವಾತು ಬೇರೆ ಬೇಕಿಲ್ಲ. ಬೋರ್‌ಸ್ಕೋಪ್‌ನಲ್ಲಿ ಕೂದಲೆಳೆಯ ಬಿರುಕನ್ನು ಹುಡುಕಬಲ್ಲ ತಂತ್ರಜ್ಞರಿರುವ ಊರಿನಲ್ಲೇ ರಾಜಕಾಲುವೆಯ ಹೂಳು ಮೊದಲ ಮಳೆಗೆ ಮನೆಯೊಳಗೆ ಬರುತ್ತದೆ. ಕೊರತೆ ಇರುವುದು ಸಾಮರ್ಥ್ಯದ್ದಲ್ಲ. ನಿರ್ವಹಣೆಯನ್ನು ಕೆಲಸವೆಂದೇ ಪರಿಗಣಿಸದ ನಮ್ಮ ವ್ಯವಸ್ಥೆಯದು.

ಈ ಅಲಕ್ಷ್ಯಕ್ಕೆ ಬಜೆಟ್ಟಿನ ಭಾಷೆಯೂ ಕಾರಣವಾಗಿತ್ತು. 2016-17ರವರೆಗೆ ಕೇಂದ್ರದ ಖರ್ಚು ‘ಯೋಜನಾ’ ಮತ್ತು ‘ಯೋಜನೇತರ’ ಎಂದು ವಿಂಗಡಣೆಯಾಗುತ್ತಿತ್ತು. ಹೊಸದಾಗಿ ಕಟ್ಟುವುದು, ಕೊಳ್ಳುವುದು ಯೋಜನಾ ವೆಚ್ಚ, ಅದು ಅಭಿವೃದ್ಧಿ. ಇದ್ದುದನ್ನು ಉಳಿಸಿಕೊಳ್ಳುವುದು ಬಹುಪಾಲು ಯೋಜನೇತರ, ಮಿತವ್ಯಯದ ಆದೇಶ ಬಂದಾಗ ಮೊದಲು ಕತ್ತರಿ ಬೀಳುತ್ತಿದ್ದುದು ಅದಕ್ಕೆ. ನಾನು ಸೇವೆಯಲ್ಲಿದ್ದಾಗ ತರಬೇತಿ ಸಂಸ್ಥೆಯೊಂದರಲ್ಲಿ ಲಕ್ಷಾಂತರ ರೂಪಾಯಿ ಬೆಲೆಯ ಯಂತ್ರವೊಂದು ಟಾರ್ಪಾಲು ಹೊದ್ದು ನಿಂತಿದ್ದನ್ನು ಕಂಡಿದ್ದೇನೆ. ಕೆಟ್ಟಿದ್ದುದು ಅದರ ಒಂದು ಚಿಕ್ಕ ಭಾಗ. ದುರಸ್ತಿಯ ಲೆಕ್ಕಶೀರ್ಷಿಕೆಯಲ್ಲಿ ಹಣವಿರಲಿಲ್ಲ. ಹೊಸ ಯಂತ್ರ ಕೊಳ್ಳಲು ಬೇರೊಂದು ಶೀರ್ಷಿಕೆಯಲ್ಲಿ ಹಣವಿತ್ತು. ಹೊಸದು ಬಂದಿತು, ಹಳೆಯದು ಹಾಗೆಯೇ ಉಳಿಯಿತು. ಮಕ್ಕಳಿಗೆ ಕಲಿಸಬೇಕಾಗಿದ್ದ ಕಡೆಯೇ ನಾವು ಕಲಿಸಿದ್ದು ಏನನ್ನು? ಯಂತ್ರ ಕೆಟ್ಟರೆ ಮುಚ್ಚಿಡುವುದನ್ನು. ಯೋಜನಾ, ಯೋಜನೇತರ ಎಂಬ ಪದಗಳು ಕಡತದಿಂದ ಹೋದವು. ಮನಸ್ಸಿನಿಂದ ಹೋಗಿವೆ ಎಂದು ಹೇಳಲಾರೆ.

ಇನ್ನು ಸಮಾಜದ ಮಾತು. ನಾವು, ಬೆಂಗಳೂರು ದಕ್ಷಿಣದ ವಿದ್ಯಾವಂತ ಮಧ್ಯಮವರ್ಗದವರು, ಈ ವಿಷಯದಲ್ಲಿ ನಮ್ಮ ಮುಖವನ್ನು ಕನ್ನಡಿಯಲ್ಲಿ ನೋಡಿಕೊಳ್ಳುವುದು ಒಳ್ಳೆಯದು. ನಮ್ಮ ಬಡಾವಣೆಗಳನ್ನು ಕಟ್ಟಿದ ಪೀಳಿಗೆಯಲ್ಲಿ ಕಾರ್ಖಾನೆಯ ಬಸ್ಸಿಗಾಗಿ ಬೆಳಗಿನ ಜಾವ ರಸ್ತೆ ತಿರುವಿನಲ್ಲಿ ನಿಲ್ಲುತ್ತಿದ್ದವರು ಬಹಳ ಜನ. ಫಿಟ್ಟರ್, ಟರ್ನರ್, ಮೆಷಿನಿಸ್ಟ್ ಎಂದು ಸೇರಿ, ಮನೆ ಕಟ್ಟಿ, ಮಕ್ಕಳನ್ನು ಓದಿಸಿದವರು ಅವರು. ಅವರ ಮಕ್ಕಳು ಎಂಜಿನಿಯರುಗಳಾದರು, ಮೊಮ್ಮಕ್ಕಳು ವಿದೇಶದಲ್ಲಿದ್ದಾರೆ. ಇದು ಸಂತೋಷದ ಸಂಗತಿ. ಆದರೆ ಇಂದು ನಮ್ಮ ಮನೆಯ ಹುಡುಗನೋ ಹುಡುಗಿಯೋ ಐಟಿಐ ಸೇರುತ್ತೇನೆಂದರೆ ಮನೆಯವರು ತಲೆತಗ್ಗಿಸುತ್ತಾರೆ. ಎಸ್ಸೆಸ್ಸೆಲ್ಸಿಯಲ್ಲಿ ಅಂಕ ಕಡಿಮೆ ಬಂದವರು ಹೋಗುವ ಜಾಗ ಅದು ಎಂಬ ತೀರ್ಮಾನ ನಮ್ಮದು. ವರಾನ್ವೇಷಣೆಯಲ್ಲಿ ‘ಟೆಕ್ನಿಷಿಯನ್’ ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಆಯುಧಪೂಜೆಯ ದಿನ ಯಂತ್ರಕ್ಕೆ ಕುಂಕುಮ ಹಚ್ಚಿ, ಕುಂಬಳಕಾಯಿ ಒಡೆದು, ನಮಸ್ಕಾರ ಮಾಡುತ್ತೇವೆ. ಮರುದಿನದಿಂದ ಆ ಯಂತ್ರ ಮುಟ್ಟಿ ಕೈ ಮಸಿ ಮಾಡಿಕೊಳ್ಳುವವರನ್ನು ನಮ್ಮ ಪಂಕ್ತಿಯವರಲ್ಲ ಎನ್ನುತ್ತೇವೆ. ಕೈಕೆಲಸ ಕೀಳು, ಬಾಯಿಪಾಠ ಮೇಲು ಎಂಬ ಶತಮಾನಗಳ ಜಾತಿಪ್ರಜ್ಞೆ ಇಲ್ಲಿ ಪದವಿಯ ವೇಷದಲ್ಲಿ ಕೂತಿದೆಯೆಂದೇ ನನ್ನ ಅಭಿಪ್ರಾಯ. ಸರ್ ಎಂ. ವಿಶ್ವೇಶ್ವರಯ್ಯನವರು ಇದನ್ನು ಅಂದೇ ಗ್ರಹಿಸಿದ್ದರು. 1943ರಲ್ಲಿ ಬೆಂಗಳೂರಿನಲ್ಲಿ ಜಯಚಾಮರಾಜೇಂದ್ರ ಔದ್ಯೋಗಿಕ ಸಂಸ್ಥೆ ಹುಟ್ಟಿದ್ದು ಅವರ ಒತ್ತಾಸೆಯಿಂದ. ಪದವೀಧರರನ್ನಷ್ಟೇ ತಯಾರಿಸಿದರೆ ಕೈಗಾರಿಕೆ ನಿಲ್ಲುವುದಿಲ್ಲವೆಂದು ಅವರಿಗೆ ತಿಳಿದಿತ್ತು.

ಸರ್ಕಾರದ ನೀತಿಗಳೂ ಮರುಪರಿಶೀಲನೆಗೆ ಒಳಗಾಗಬೇಕಿದೆ. 2022ರಲ್ಲಿ ಜಾರಿಗೆ ಬಂದ ಅಗ್ನಿಪಥ ಯೋಜನೆಯಡಿ ನಾವಿಕರಾಗಿ ಸೇರುವ ಯುವಕ ಯುವತಿಯರ ಸೇವಾವಧಿ ನಾಲ್ಕು ವರ್ಷ. ಅನಂತರ ಉಳಿಸಿಕೊಳ್ಳುವುದು ಗರಿಷ್ಠ ನಾಲ್ಕರಲ್ಲಿ ಒಂದು ಭಾಗವನ್ನು. ಪಿಂಚಣಿಯ ಹೊರೆ ತಗ್ಗಿಸುವ, ಸೇನೆಯನ್ನು ತರುಣವಾಗಿಡುವ ವಾದಗಳಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಪಿಂಚಣಿ ವೆಚ್ಚದ ಲೆಕ್ಕ ನನಗೂ ಗೊತ್ತು. ಆದರೆ ಕಾಲಾಳುವಿಗೆ ಒಪ್ಪುವ ಅಳತೆ ಟರ್ಬೈನ್ ತಂತ್ರಜ್ಞನಿಗೆ ಒಪ್ಪುತ್ತದೆಯೆ? ಮೊದಲ ಕೆಲವು ವರ್ಷ ಅವನು ಕಲಿಯುವವನು, ಅವನ ಮೇಲೆ ಖರ್ಚು ಮಾಡುವುದು ಇಲಾಖೆ. ಕಲಿತದ್ದು ಫಲ ಕೊಡಲು ಆರಂಭಿಸುವ ಹೊತ್ತಿಗೆ ಅವನಿಗೆ ಬೀಳ್ಕೊಡುಗೆ. ಮಾಡುತ್ತ ಮಾಡುತ್ತಲೇ ಉತ್ಪಾದಕತೆ ಬೆಳೆಯುತ್ತದೆ ಎಂಬುದನ್ನು ಕೆನೆತ್ ಆರೋ 1962ರಲ್ಲೇ ಸಿದ್ಧಾಂತವಾಗಿ ಮಂಡಿಸಿದರು. ಆ ಬೆಳೆಯನ್ನು ಹಾಲುಗಾಳಾಗಿರುವಾಗಲೇ ಕೊಯ್ಯುವುದು ಮಿತವ್ಯಯವಲ್ಲ. ನಾಗರಿಕ ಕಾರ್ಖಾನೆಗಳಲ್ಲೂ ಇದೇ ಸಮಸ್ಯೆ ಗುತ್ತಿಗೆ ಕೆಲಸದ ರೂಪದಲ್ಲಿ ಕಾಣುತ್ತದೆ. ಹನ್ನೊಂದು ತಿಂಗಳಿಗೊಮ್ಮೆ ಬದಲಾಗುವ ಹುಡುಗನಿಗೆ ಹಿರಿಯ ತಂತ್ರಜ್ಞ ಯಾವ ಉತ್ಸಾಹದಿಂದ ತನ್ನ ಗುಟ್ಟುಗಳನ್ನು ಹೇಳಿಕೊಟ್ಟಾನು?

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ಮೊದಲನೆಯದು, ಇಂಥ ಕೆಲಸವನ್ನು ಎಂಜಿನ್ ತಯಾರಿಸಿದ ವಿದೇಶಿ ಕಂಪನಿಗೇ ವಹಿಸಿದರೆ ಅಗ್ಗ ಎಂಬುದು. ಲೆಕ್ಕದ ಪುಸ್ತಕದಲ್ಲಿ ಕೆಲವೊಮ್ಮೆ ಅದು ನಿಜವೇ ಇರಬಹುದು. ಆದರೆ ಯುದ್ಧದ ಸಮಯದಲ್ಲಿ, ನಿರ್ಬಂಧದ ಸಮಯದಲ್ಲಿ ಆ ಅಗ್ಗದ ಸೇವೆ ಸಿಗುವುದೇ ಇಲ್ಲ ಎಂಬ ಸಾಧ್ಯತೆಗೆ ಪುಸ್ತಕದಲ್ಲಿ ಕಾಲಮ್ಮು ಇಲ್ಲ. ಉಕ್ರೇನಿನ ಅನುಭವ ಆ ಕಾಲಮ್ಮನ್ನು ತುಂಬಿಕೊಟ್ಟಿದೆ. ಎರಡನೆಯದು, ಸಂವೇದಕಗಳೂ ಕಂಪ್ಯೂಟರುಗಳೂ ಎಂಜಿನಿನ ಕಾಯಿಲೆಯನ್ನು ಮುಂಚಿತವಾಗಿಯೇ ಹೇಳುವ ಕಾಲ ಬಂದಿರುವಾಗ ಪಳಗಿದ ಕಣ್ಣಿನ ಮಾತೇಕೆ ಎಂಬುದು. ಸಂವೇದಕ ಖಂಡಿತ ಬೇಕು. ಆದರೆ ಜ್ವರಮಾಪಕ ಬಂದಮೇಲೆ ವೈದ್ಯರು ಬೇಡವಾಗಲಿಲ್ಲ. ಕಂಪ್ಯೂಟರು ಅನುಮಾನ ವ್ಯಕ್ತಪಡಿಸಿದಾಗ ಎಂಜಿನ್ ಕೋಣೆಯ ಬಿಸಿಯಲ್ಲಿ ಬಗ್ಗಿ ನೋಡಿ, ಹೌದು ಅಥವಾ ಅಲ್ಲ ಎಂದು ಹೇಳಿ ಸಹಿ ಹಾಕುವವರು ಬೇಕೇ ಬೇಕು. ಸಾರ್ವಜನಿಕ ಉದ್ದಿಮೆಗಳಲ್ಲಿ ವಿಳಂಬವಿದೆ, ಉತ್ಪಾದಕತೆ ಸಾಲದು ಎಂಬ ಟೀಕೆಯನ್ನೂ ನಾನು ಒಪ್ಪುತ್ತೇನೆ. ಅದಕ್ಕೆ ಮದ್ದು ಒಳ್ಳೆಯ ಆಡಳಿತ, ಕಸುಬನ್ನೇ ಕೈಬಿಡುವುದಲ್ಲ.

ಕರ್ನಾಟಕಕ್ಕೆ ಇಲ್ಲೊಂದು ವಿಶೇಷ ಅವಕಾಶವೂ ಹೊಣೆಯೂ ಇದೆ. ಕಾರವಾರದ ಸೀಬರ್ಡ್ ಯೋಜನೆಗೆ 1986ರಲ್ಲಿ ಅಡಿಗಲ್ಲು ಬಿತ್ತು. ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿದ್ದು 2005ರ ಮೇ 31ರಂದು. ಅಲ್ಲಿ ಹಡಗುಗಳನ್ನು ನೀರಿನಿಂದ ಎತ್ತಿ ದಡಕ್ಕೆ ತರುವ ವ್ಯವಸ್ಥೆಯಿದೆ, ಹಡಗು ದುರಸ್ತಿ ಯಾರ್ಡ್ ಇದೆ. ಆ ನೆಲೆಗಾಗಿ ಉತ್ತರ ಕನ್ನಡದ ಸಾವಿರಾರು ಕುಟುಂಬಗಳು ಗದ್ದೆ, ತೋಟ, ಮೀನುಗಾರಿಕೆಯ ದಂಡೆಗಳನ್ನು ಬಿಟ್ಟುಕೊಟ್ಟವು. ಪರಿಹಾರಕ್ಕಾಗಿ ಅವರಲ್ಲಿ ಅನೇಕರು ನ್ಯಾಯಾಲಯಗಳಿಗೆ ಅಲೆದ ಕಥೆ ಆಡಳಿತದಲ್ಲಿದ್ದವರಿಗೆಲ್ಲ ತಿಳಿದಿದೆ. ಕಡಲನ್ನು ತಲೆತಲಾಂತರದಿಂದ ಬಲ್ಲ ಆ ಮನೆಗಳ ಮಕ್ಕಳು ನೌಕಾನೆಲೆಯಲ್ಲಿ ಕಾವಲುಗಾರರಾಗಿ, ಕಸ ಗುಡಿಸುವವರಾಗಿ ಮಾತ್ರ ಕೆಲಸ ಪಡೆಯುವುದು ನ್ಯಾಯವಲ್ಲ. ಯಾರ್ಡಿನಲ್ಲಿ ಐಟಿಐ ಮುಗಿಸಿದವರಿಗೆ ಅಪ್ರೆಂಟಿಸ್ ಅವಕಾಶ ಈಗಾಗಲೇ ಇದೆ. ಬೆಂಗಳೂರಿನ ಎಂಜಿನ್ ಅನುಭವವನ್ನೂ ಕಾರವಾರದ ಹಡಗುಗಳನ್ನೂ ಜೋಡಿಸುವ ಒಂದು ಟರ್ಬೈನ್ ತರಬೇತಿ ಶಾಲೆ ಉತ್ತರ ಕನ್ನಡದಲ್ಲಿ ಬರುವುದಾದರೆ, ನೆಲ ಕೊಟ್ಟವರ ಮಕ್ಕಳಿಗೆ ಅಲ್ಲಿ ಮೊದಲ ಸಾಲು ಸಿಗುವುದಾದರೆ, ಅದು ಪರಿಹಾರದ ಚೆಕ್ಕಿಗಿಂತ ಹೆಚ್ಚು ಕಾಲ ಬಾಳುವ ಪರಿಹಾರ.

ಆಗಬೇಕಾದ ಇತರ ಕೆಲಸಗಳು ದುಬಾರಿಯವಲ್ಲ. ಟರ್ಬೈನ್‌ನಂಥ ಕ್ಲಿಷ್ಟ ಯಂತ್ರಗಳನ್ನು ನೋಡಿಕೊಳ್ಳುವ ನಾವಿಕರಿಗೆ ನಾಲ್ಕು ವರ್ಷದ ಮಿತಿಯಿಂದ ವಿನಾಯಿತಿ ನೀಡಬೇಕು, ಇಲ್ಲವೆ ಅವರಲ್ಲಿ ಉಳಿಸಿಕೊಳ್ಳುವ ಪ್ರಮಾಣವನ್ನು ಹೆಚ್ಚಿಸಬೇಕು. ಸೇವೆ ಮುಗಿಸಿ ಹೊರಬರುವವರಿಗೆ ರಕ್ಷಣಾ ಉದ್ದಿಮೆಗಳ ದುರಸ್ತಿ ವಿಭಾಗಗಳಲ್ಲಿ ನೇರ ದಾರಿ ಇರಬೇಕು, ಕಲಿಸಿದ ವಿದ್ಯೆ ಸೆಕ್ಯುರಿಟಿ ಕಾವಲಿನಲ್ಲಿ ವ್ಯರ್ಥವಾಗಬಾರದು. ಮೂವತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳು ಶೇ 2.5ರಿಂದ 15ರಷ್ಟು ಅಪ್ರೆಂಟಿಸರನ್ನು ತೆಗೆದುಕೊಳ್ಳಬೇಕೆಂದು ನಿಯಮ ಹೇಳುತ್ತದೆ. ಅದು ಕಾಗದದ ಮೇಲೆ ಉಳಿಯದೆ, ಒಬ್ಬ ಹಿರಿಯ ತಂತ್ರಜ್ಞನಿಗೆ ಇಬ್ಬರು ಕಿರಿಯರು ಎಂಬ ಲೆಕ್ಕದಲ್ಲಿ ಜಾರಿಯಾಗಬೇಕು. ನಿವೃತ್ತಿಯ ಕೊನೆಯ ಎರಡು ವರ್ಷ ಹಿರಿಯರನ್ನು ಉತ್ಪಾದನೆಯ ಒತ್ತಡದಿಂದ ಬಿಡಿಸಿ ಕಲಿಸಲು ಕೂರಿಸಬೇಕು, ಅವರ ಅನುಭವವನ್ನು ಕನ್ನಡದಲ್ಲೇ ಬರೆಸಿ ಇಡಬೇಕು. ಕೈಪಿಡಿ ಇಂಗ್ಲಿಷಿನಲ್ಲಿರಲಿ, ಆದರೆ ಹಾಸನದಿಂದಲೋ ಹೊನ್ನಾವರದಿಂದಲೋ ಬಂದ ಹುಡುಗನಿಗೆ ಬಿರುಕಿಗ‌ೂ ಮಸಿಗೂ ಇರುವ ವ್ಯತ್ಯಾಸವನ್ನು ಅವನ ಭಾಷೆಯಲ್ಲಿ ಹೇಳಿಕೊಡಲು ಯಾವ ಅಡ್ಡಿಯೂ ಇಲ್ಲ. ಕೊನೆಯದಾಗಿ, ಯಾವುದೇ ದೊಡ್ಡ ಯಂತ್ರದ ಖರೀದಿಗೆ ಮಂಜೂರಾತಿ ಕೊಡುವ ಕಡತದಲ್ಲಿ ಅದರ ಪೂರ್ಣ ಆಯುಸ್ಸಿನ ನಿರ್ವಹಣಾ ವೆಚ್ಚ ಮತ್ತು ಬೇಕಾಗುವ ತಂತ್ರಜ್ಞರ ಸಂಖ್ಯೆ ಎರಡನ್ನೂ ಬರೆಯದೆ ಸಹಿಯಾಗಬಾರದು.

ನೀಲಗಿರಿ ವರ್ಗದ ಏಳು ನೌಕೆಗಳಿಗೆ ತಲಾ ಎರಡು ಎಲ್‌ಎಂ2500 ಟರ್ಬೈನ್‌ಗಳು. ಇವು 2050ರ ದಶಕದಲ್ಲೂ ಓಡುತ್ತಿರಬೇಕಾದ ಹಡಗುಗಳು. ಆಗ ಅವುಗಳ ಒಡಲೊಳಗೆ ಕ್ಯಾಮೆರಾ ಇಳಿಸಿ ನೋಡಬೇಕಾದ ತಂತ್ರಜ್ಞರಲ್ಲಿ ಹಲವರು ಈಗ ಇನ್ನೂ ಹುಟ್ಟಿಲ್ಲ. ಅವರಿಗೆ ಕಲಿಸಬೇಕಾದವರು ಇಂದು ನಮ್ಮ ಪ್ರೌಢಶಾಲೆಗಳಲ್ಲಿ ಕೂತಿದ್ದಾರೆ. ಆ ಮಕ್ಕಳನ್ನು ಈ ಕಸುಬಿನತ್ತ ಕರೆಯುವವರು ಯಾರು, ಬಂದವರನ್ನು ಗೌರವದಿಂದ ಉಳಿಸಿಕೊಳ್ಳುವವರು ಯಾರು ಎಂಬುದು ನಿರ್ಧಾರವಾಗಬೇಕಾದದ್ದು ಈಗ. ಹಡಗಿಗೆ ಹಣ ಕೊಡುವಾಗ ಉದಾರವಾಗಿರುವ ಸರ್ಕಾರವೂ, ಅದನ್ನು ಕಂಡು ಹೆಮ್ಮೆಪಡುವ ನಾವೂ ಈ ಪ್ರಶ್ನೆಗೆ ಉತ್ತರಿಸದೆ ಮುಂದಿನ ಹಡಗಿಗೆ ತೆಂಗಿನಕಾಯಿ ಒಡೆಯುವುದು ಸರಿಯಲ್ಲ.